ದುಡಿದು ಬರುವವರ ಸಂಜೆಯ ಇಂಗ್ಲಿಷ್ ತರಗತಿ: ಎರಡನೆಯ ಬಾರಿ ಆರಂಭಿಸುವ ಮುನ್ನ

ಪ್ರಶ್ನೆ | ಸಂಜೆತರಗತಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನಾವು ಮೂವರು ಸೇರಿ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಸಂಜೆ ತರಗತಿಯನ್ನು ಎರಡನೆಯ ಬಾರಿಗೆ ಆರಂಭಿಸಲು ಹೊರಟಿದ್ದೇವೆ. ಕಳೆದ ವರ್ಷ ಮೊದಲ ದಿನ ಮೂವತ್ತೊಂದು ಮಂದಿ ಬಂದಿದ್ದರು. ಮೂರನೆಯ ತಿಂಗಳ ಕೊನೆಗೆ ಉಳಿದವರು ಆರೇ ಮಂದಿ. ಬಂದವರಲ್ಲಿ ಬಹುಪಾಲು ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು; ಜೊತೆಗೆ ಮಗ್ಗದ ಕೆಲಸದವರು, ಇಬ್ಬರು ಆಟೋ ಚಾಲಕರು, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಒಬ್ಬ ಹೆಂಗಸು. ಹೆಚ್ಚಿನವರು ಏಳನೆಯ ತರಗತಿಯಿಂದ ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ನಾಲ್ಕೈದು ಮಂದಿಗೆ ಕನ್ನಡ ಓದುವುದೂ ಕಷ್ಟ.

ವಾರಕ್ಕೆ ಐದು ದಿನ, ಸಂಜೆ ಆರರಿಂದ ಏಳರವರೆಗೆ, ಪ್ರಾಥಮಿಕ ಶಾಲೆಯ ಪಠ್ಯಪುಸ್ತಕವನ್ನಿಟ್ಟುಕೊಂಡು, ಅಕ್ಷರಮಾಲೆ, ನಾಮಪದ, ಸರ್ವನಾಮ ಎಂಬ ಕ್ರಮದಲ್ಲಿ ಕಲಿಸಿದೆವು. ಜನ ಬಿಟ್ಟುಹೋದಾಗ ಅವರಿಗೆ ಆಸಕ್ತಿಯಿಲ್ಲವೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಈಗ ನಮ್ಮ ಯೋಜನೆಯೇ ತಪ್ಪಿತ್ತೇನೋ ಎಂಬ ಅನುಮಾನ ಕಾಡುತ್ತಿದೆ. ಇಂಥ ತರಗತಿಯನ್ನು ಎಲ್ಲಿಂದ ಯೋಜಿಸಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1 | ಹಳೇಮೇಷ್ಟ್ರು

ಪುಸ್ತಕ ಆರಿಸುವ ಮೊದಲು ಗಂಟೆಗಳ ಲೆಕ್ಕ ಹಾಕಿರಿ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಸಾಮರ್ಥ್ಯದ ಚೌಕಟ್ಟಿನಲ್ಲಿ ಎ-1ರಿಂದ ಸಿ-2ರವರೆಗೆ ಆರು ಹಂತಗಳಿವೆ. ಕೇಂಬ್ರಿಜ್‌ನ ಪರೀಕ್ಷಾ ಸಂಸ್ಥೆಯ ಅಂದಾಜಿನ ಪ್ರಕಾರ ಮೊದಲ ಹಂತವನ್ನು ಮುಟ್ಟಲು ಸುಮಾರು 90ರಿಂದ 100 ಗಂಟೆಗಳ ಪಾಠ ಬೇಕು. ಎರಡನೆಯ ಹಂತಕ್ಕೆ ಒಟ್ಟು 180ರಿಂದ 200 ಗಂಟೆ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕುಳಿತು ಬಂದವರಿಗೆ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ವಾರಕ್ಕೆ ಮೂರು ಗಂಟೆಯಂತೆ ಕಲಿಸಿದರೂ ಮೊದಲ ಹಂತಕ್ಕೇ ಮೂವತ್ತೆರಡು ವಾರ ಬೇಕಾಗುತ್ತದೆ. ಹಬ್ಬ, ಜಾತ್ರೆ, ಮದುವೆಗಳನ್ನು ಕಳೆದರೆ ಹತ್ತಿರ ಹತ್ತಿರ ಒಂದು ವರ್ಷ. ಮೂರು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಗೋಡೆಗಳ ಮೇಲೆ ಬರೆಸುವವರು ಈ ಲೆಕ್ಕವನ್ನು ಹೇಳುವುದಿಲ್ಲ, ಬಿಡಿ. ಆದರೆ ನೀವು ಮೊದಲ ದಿನವೇ ಹೇಳಬೇಕು. ಇಲ್ಲದಿದ್ದರೆ ಮೂರನೆಯ ತಿಂಗಳಲ್ಲಿ ಮಾತು ಬಾರದಿದ್ದಾಗ ಕಲಿಯುವವರು ತಮ್ಮ ತಲೆಯನ್ನೇ ದೂರಿಕೊಂಡು ಮನೆಯಲ್ಲಿ ಉಳಿಯುತ್ತಾರೆ.

ಇಷ್ಟು ಕಡಿಮೆ ಹೊತ್ತಿನಲ್ಲಿ ಎಲ್ಲವನ್ನೂ ಕಲಿಸಲು ಆಗುವುದಿಲ್ಲವಾದ್ದರಿಂದ ಏನನ್ನು ಬಿಡಬೇಕೆಂದು ತೀರ್ಮಾನಿಸುವುದೇ ಯೋಜನೆಯ ಮುಖ್ಯ ಕೆಲಸ. ಅದಕ್ಕಾಗಿ ತರಗತಿ ಆರಂಭವಾಗುವ ಮುಂಚೆ ಒಬ್ಬೊಬ್ಬರೊಂದಿಗೂ ಹತ್ತು ನಿಮಿಷ ಕನ್ನಡದಲ್ಲಿಯೇ ಮಾತನಾಡಿ. ‘ಇಂಗ್ಲಿಷ್ ಏಕೆ ಬೇಕು’ ಎಂದು ಕೇಳಬೇಡಿ. ಎಲ್ಲರೂ ‘ಮಾತಾಡಕ್ಕೆ’ ಎನ್ನುತ್ತಾರೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ‘ಹೋದ ತಿಂಗಳು ಇಂಗ್ಲಿಷ್ ಬರದೆ ಎಲ್ಲಿ ಸಿಕ್ಕಿಹಾಕಿಕೊಂಡಿರಿ’ ಎಂದು ಕೇಳಿ. ಬ್ಯಾಂಕಿನ ಸಂದೇಶದಲ್ಲಿ ‘ಕ್ರೆಡಿಟೆಡ್’ ಎಂದಿತ್ತೋ ‘ಡೆಬಿಟೆಡ್’ ಎಂದಿತ್ತೋ ತಿಳಿಯಲಿಲ್ಲ, ಮಗಳ ಶಾಲೆಯ ಚೀಟಿಗೆ ಪಕ್ಕದ ಮನೆಯವರ ಬಳಿ ಓಡಬೇಕಾಯಿತು, ವಿಮಾನ ನಿಲ್ದಾಣದ ಕಡೆಯ ಸವಾರಿ ಕೈತಪ್ಪಿತು ಎಂಬಂಥ ಉತ್ತರಗಳು ಬರುತ್ತವೆ. ಅವನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಪಠ್ಯಕ್ರಮ ಅದೇ.

ಬೋಧನೆಯ ವಿಧಾನಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿರುವ ಪ್ರಯೋಗದಲ್ಲಿ ವ್ಯಾಕರಣದ ಪಟ್ಟಿಯ ಬದಲು ಬಿಡಿಸಬೇಕಾದ ಸಮಸ್ಯೆಗಳನ್ನು ಪಾಠಕ್ಕೆ ಆಧಾರವಾಗಿಟ್ಟುಕೊಂಡಿದ್ದರು. ರೈಲು ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕೆಂದು ತೀರ್ಮಾನಿಸುವಂಥವು. ಅದು ಶಾಲಾಮಕ್ಕಳ ನಡುವೆ ನಡೆದದ್ದು ನಿಜ. ಆದರೆ ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬ ಅದರ ಮೂಲ ನಂಬಿಕೆ, ದಿನವೂ ನಿಜವಾದ ಸಮಸ್ಯೆಗಳನ್ನು ಹೊತ್ತು ಬರುವ ವಯಸ್ಕರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2 | ಲೈನ್ ನಂಬರ್ ನಾಲ್ಕು

ನಾನು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದವಳು. ಇಂಥದೇ ಒಂದು ತರಗತಿಗೆ ಸೇರಿ ಎರಡನೆಯ ತಿಂಗಳಿಗೆ ಬಿಟ್ಟವಳು, ಮುಂದೆ ಬೇರೊಂದು ಕಡೆ ಕಲಿತವಳು. ಬಿಟ್ಟದ್ದು ಏಕೆಂದು ಹೇಳುವುದರಿಂದ ನಿಮಗೆ ಉಪಯೋಗವಾದೀತು.

ಸಂಜೆ ಆರು ಗಂಟೆ ಎಂದರೆ ಬಸ್ಸಿಳಿದು, ನೀರು ಹಿಡಿದು, ಒಲೆ ಹಚ್ಚುವ ಹೊತ್ತು. ಶಿಪ್‌ಮೆಂಟ್ ಹತ್ತಿರ ಬಂದಾಗ ಓಟಿ ಇರುತ್ತದೆ. ಆ ವಾರ ಬರಲಾಗುವುದಿಲ್ಲ. ಹೀಗೆ ಒಂದು ವಾರ ತಪ್ಪಿಸಿಕೊಂಡು ಹೋದರೆ ಪಾಠ ಎಲ್ಲಿಗೋ ಮುಂದೆ ಹೋಗಿರುತ್ತಿತ್ತು. ಮತ್ತೊಂದು ವಾರ ಹೀಗಾದ ಮೇಲೆ ಹೋಗಲು ನಾಚಿಕೆಯಾಯಿತು. ಆದ್ದರಿಂದ ಒಂದು ದಿನದ ಪಾಠ ಅದೇ ದಿನ ಮುಗಿಯುವಂತಿರಲಿ. ಹಿಂದಿನ ದಿನ ಬಾರದವರಿಗೂ ಇಂದಿನದು ಅರ್ಥವಾಗಬೇಕು. ಎರಡನೆಯ ಕಡೆ ಭಾನುವಾರ ಬೆಳಿಗ್ಗೆ ಎರಡು ಗಂಟೆ, ವಾರದ ನಡುವೆ ಒಂದು ಗಂಟೆ ಇಟ್ಟಿದ್ದರು. ಮಕ್ಕಳನ್ನು ಕರೆತರಲು ಅಡ್ಡಿ ಮಾಡುತ್ತಿರಲಿಲ್ಲ. ನಾನು ಉಳಿದದ್ದಕ್ಕೆ ಅರ್ಧ ಕಾರಣ ಅದು.

ಇನ್ನೊಂದು ಮಾತು ಪುಸ್ತಕದ ಬಗ್ಗೆ. ಸೇಬಿನ ಚಿತ್ರ ಹಾಕಿದ ಮಕ್ಕಳ ಪುಸ್ತಕವನ್ನು ಎದ್ದು ನಿಂತು ಗಟ್ಟಿಯಾಗಿ ಓದುವಂತೆ ಹೇಳಿದಾಗ ನನ್ನ ಮಗನ ವಯಸ್ಸಿನ ಹುಡುಗ ಪಕ್ಕದಲ್ಲಿ ಕುಳಿತಿದ್ದ. ಆ ದಿನ ಆದ ಸಂಕೋಚ ಇನ್ನೂ ನೆನಪಿದೆ. ನಾವು ಏನೂ ತಿಳಿಯದವರೇನಲ್ಲ: ಕಾಲರ್, ಕಫ್, ಓವರ್‌ಲಾಕ್, ಬಾಬಿನ್, ಟಾರ್ಗೆಟ್, ಆಲ್ಟರ್, ರಿಜೆಕ್ಟ್ ಎಂದು ದಿನವೂ ನೂರಾರು ಇಂಗ್ಲಿಷ್ ಮಾತುಗಳನ್ನು ಆಡುತ್ತೇವೆ. ಎರಡನೆಯ ಕಡೆಯ ಮೇಡಂ ಮೊದಲ ದಿನ ಅವನ್ನೇ ನಮ್ಮಿಂದ ಹೇಳಿಸಿ ಬೋರ್ಡು ತುಂಬ ಬರೆದರು. ಮೂರನೆಯ ವಾರ ಸಂಬಳದ ಚೀಟಿ ತರಲು ಹೇಳಿದರು. ಪಿಎಫ್‌ಗೆ ಶೇ. 12, ಇಎಸ್‌ಐಗೆ ಶೇ. 0.75 ಎಂದು ಹಿಡಿದದ್ದನ್ನು ನಾವೇ ಲೆಕ್ಕ ಹಾಕಿ ತಾಳೆ ನೋಡಿದೆವು. ‘ಡಿಡಕ್ಷನ್’, ‘ನೆಟ್ ಪೇ’, ‘ಎಂಪ್ಲಾಯರ್ ಷೇರ್’ ಎಂಬ ಮಾತುಗಳನ್ನು ಅಂದು ಯಾರೂ ಬಾಯಿಪಾಠ ಮಾಡಲಿಲ್ಲ, ಆದರೂ ಯಾರೂ ಮರೆಯಲಿಲ್ಲ.

ಉತ್ತರ 3 | ವ್ಯಾಕರಣಪ್ರಿಯ

ಹಳೇಮೇಷ್ಟ್ರು ಅವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ವ್ಯಾಕರಣ ತಾನಾಗಿ ಇಳಿಯುತ್ತದೆ ಎಂಬುದನ್ನು ಮಾತ್ರ ಪೂರ್ತಿ ಒಪ್ಪಲಾರೆ. ವಾರಕ್ಕೆ ಮೂರು ಗಂಟೆ ಮಾತ್ರ ಇಂಗ್ಲಿಷ್ ಕೇಳುವವರಿಗೆ ತಾನಾಗಿ ಇಳಿಯುವಷ್ಟು ಮಳೆ ಸುರಿಯುವುದಿಲ್ಲ. ಎಲ್ಲಿ ತಪ್ಪುತ್ತಾರೆಂಬುದನ್ನು ಕನ್ನಡವೇ ಮುಂಚಿತವಾಗಿ ತಿಳಿಸುತ್ತದೆ.

‘ಬಂದಳು’ ಎಂದರೆ ನಮಗೆ ವಾಕ್ಯ ಪೂರ್ಣ; ಬಂದವಳು ಯಾರೆಂಬುದು ಕ್ರಿಯಾಪದದ ತುದಿಯಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ‘ಶಿ’ ಇಲ್ಲದೆ ಆ ವಾಕ್ಯ ನಿಲ್ಲದು. ‘ಬರ್ತೀರಾ’ ಎಂದು ಕೊನೆಗೊಂದು ದೀರ್ಘ ಎಳೆದರೆ ನಮ್ಮ ಪ್ರಶ್ನೆಯಾಯಿತು. ಅಲ್ಲಿ ‘ಡು’ ಎಂಬುದನ್ನು ತಂದು ಮುಂದೆ ನಿಲ್ಲಿಸಬೇಕು. ನಮಗೆ ಜ್ವರ ಬರುತ್ತದೆ, ಹಸಿವಾಗುತ್ತದೆ, ಭಾಷೆಯೂ ‘ಬರುತ್ತದೆ’. ಎಲ್ಲದಕ್ಕೂ ‘ನನಗೆ’ ಸಾಕು. ಆ ‘ನನಗೆ’ಯನ್ನು ಹಿಡಿದು ಹೊರಟವರು ‘ಟು ಮಿ ಫೀವರ್ ಕಮಿಂಗ್’ ಎನ್ನುವುದು ದಡ್ಡತನವಲ್ಲ, ಒಳ್ಳೆಯ ಕನ್ನಡ. ತಪ್ಪು ಬಂದ ಗಳಿಗೆಯಲ್ಲಿ ಎರಡೂ ವಾಕ್ಯಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ಎರಡು ನಿಮಿಷ ಕನ್ನಡದಲ್ಲಿ ವಿವರಿಸಿ, ಮತ್ತೆ ಕೆಲಸಕ್ಕೆ ಮರಳಿದರೆ ಸಾಕು. ಕೇವಲ ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂಬ ಹಟದಿಂದ ಹೊತ್ತು ಹಾಳಾಗುತ್ತದೆ, ಜನರೂ ಬೆದರುತ್ತಾರೆ. ಆದರೆ ಗಂಟೆಯ ಮುಕ್ಕಾಲು ಪಾಲು ಮೇಷ್ಟ್ರ ಕನ್ನಡ ವಿವರಣೆಯಲ್ಲಿಯೇ ಕಳೆದರೆ ಅದೂ ಮೋಸವೇ.

ಕನ್ನಡ ಓದಲು ಕಷ್ಟಪಡುವ ನಾಲ್ಕೈದು ಮಂದಿಯನ್ನು ಉಳಿದವರೊಂದಿಗೆ ಬರವಣಿಗೆಗೆ ಕೂರಿಸಬೇಡಿ. ಒಂದು ಲಿಪಿಯ ಅಭ್ಯಾಸವಿರುವವರಿಗೆ ಎರಡನೆಯದು ಹೊಸ ಚಿಹ್ನೆಗಳ ಗುಂಪು ಮಾತ್ರ. ಅದಿಲ್ಲದವರಿಗೆ ಓದು ಎಂಬ ಕ್ರಿಯೆಯೇ ಹೊಸದು. ಅವರಿಗೆ ಕೇಳುವುದು, ಮಾತನಾಡುವುದು ಮೊದಲಿರಲಿ, ಪಕ್ಕದಲ್ಲಿ ಕನ್ನಡ ಓದು ನಡೆಯಲಿ.

ಸಂಜೆತರಗತಿ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಎಂದು ನಿಶ್ಚಯಿಸಿದ್ದೇವೆ. ಬಿಟ್ಟುಹೋದ ಇಪ್ಪತ್ತೈದು ಮಂದಿಯ ಮನೆಗೂ ಹೋಗಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂಬ ಪ್ರಶ್ನೆಯನ್ನೇ ಕೇಳುತ್ತೇವೆ. ಒಂದು ಸಂದೇಹ ಉಳಿದಿದೆ: ಪರೀಕ್ಷೆ ಇಡಬೇಕೆ? ಇಟ್ಟರೆ ಮತ್ತೆ ಓಡಿಹೋಗುತ್ತಾರೇನೋ ಎಂಬ ಭಯವಿದೆ, ಇಡದಿದ್ದರೆ ಕಲಿತದ್ದು ನಮಗೂ ತಿಳಿಯುವುದಿಲ್ಲ.

ಹಳೇಮೇಷ್ಟ್ರು

ಅಂಕಗಳ ಪರೀಕ್ಷೆ ಬೇಡ. ಮೊದಲ ವಾರ ಪ್ರತಿಯೊಬ್ಬರ ಒಂದು ನಿಮಿಷದ ಮಾತನ್ನು ಅವರ ಫೋನಿನಲ್ಲಿಯೇ ಧ್ವನಿಮುದ್ರಿಸಿ: ಹೆಸರು, ಊರು, ಮಾಡುವ ಕೆಲಸ, ಕಳೆದ ಭಾನುವಾರ ಏನು ಮಾಡಿದರೆಂಬುದು. ಎರಡು ಮಾತಿಗೆ ನಿಂತುಹೋದರೂ ಸರಿ, ಅಳಿಸಬೇಡಿ. ಹನ್ನೆರಡನೆಯ ವಾರ ಅದನ್ನೇ ಮತ್ತೆ ಹೇಳಿಸಿ, ಎರಡನ್ನೂ ಒಂದರ ಹಿಂದೊಂದು ಅವರಿಗೇ ಕೇಳಿಸಿ. ಮುದ್ರಣ ಅವರ ಫೋನಿನಲ್ಲಿಯೇ ಇರಲಿ. ನಿಮ್ಮ ದಾಖಲೆಗೆ ಬೇಕೆಂದು ಪ್ರತಿ ತೆಗೆದುಕೊಳ್ಳುವುದಾದರೆ ಅವರನ್ನು ಕೇಳಿ ತೆಗೆದುಕೊಳ್ಳಿ.