ಡ್ರಿಪ್ ಕಾಫಿ ಮೇಕರ್: ಸದ್ದು ಜೋರು, ಹಬೆ ಜೋರು, ಕಾಫಿ ಮಾತ್ರ ಇಳಿಯುತ್ತಿಲ್ಲ

ಬೆಟಗೇರಿ, ಗದಗ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡ್ರಿಪ್ ಕಾಫಿ ಮೇಕರ್‌ಗೆ ಒಂದೂವರೆ ವರ್ಷ ಆಯಿತು. 650 ವ್ಯಾಟ್, ಆರು ಕಪ್ಪಿನದು. ಮೊದಲೆಲ್ಲ ನೀರು ತುಂಬಿಸಿ ಗುಂಡಿ ಒತ್ತಿ ಮುಖ ತೊಳೆದು ಬರುವಷ್ಟರಲ್ಲಿ ಜಗ್ ತುಂಬಿರುತ್ತಿತ್ತು. ಈಗ ಇಪ್ಪತ್ತು ನಿಮಿಷ ಬೇಕು. ಗೊರಗೊರ ಸದ್ದು, ಮೇಲೆಲ್ಲ ಹಬೆ, ಕೊನೆಗೆ ಅರ್ಧ ಕಪ್ ನೀರು ಟ್ಯಾಂಕಿನಲ್ಲೇ ಉಳಿಯುತ್ತದೆ. ಇದು ಸಾಲದು ಅಂತ ಪುಡಿ ಹಾಕುವ ಬುಟ್ಟಿಯೂ ತುಂಬಿ ಹೊರಗೆ ಚೆಲ್ಲುತ್ತದೆ. ಕಟ್ಟೆಯ ಮೇಲೆಲ್ಲ ಕರಿ ಗಸಿ.

ಹಾಕುವುದು ಬೋರಿನ ನೀರು. ನಳದ ನೀರು ನಮ್ಮ ಓಣಿಗೆ ಎಂಟು-ಹತ್ತು ದಿನಕ್ಕೊಮ್ಮೆ ಬರುತ್ತದೆ, ಅದನ್ನು ಕುಡಿಯಲು ಮಾತ್ರ ಇಟ್ಟುಕೊಳ್ಳುತ್ತೇವೆ. ಪುಡಿ ಹುಬ್ಬಳ್ಳಿಯಿಂದ ತರುತ್ತೇವೆ, 70-30 (70 ಪಾಲು ಕಾಫಿ, 30 ಪಾಲು ಚಿಕೋರಿ ಬೇರಿನ ಪುಡಿ), ಹಿತ್ತಾಳೆ ಫಿಲ್ಟರಿಗೆ ಹಾಕುವುದೇ. ರಿಪೇರಿಯವರಿಗೆ ತೋರಿಸಿದೆ. ಬಿಚ್ಚಲೂ ಇಲ್ಲ, "ಕಾಯಿಲ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಹೌದಾ? ಎಸೆಯಲು ಮನಸ್ಸಿಲ್ಲ.

ಕೇಶ್ವಾಪುರ, ಹುಬ್ಬಳ್ಳಿ:

ಚಹಾ ಮಾಡಿಕೊಳ್ಳಿ ಅಕ್ಕಾರೆ, ಒಂದು ಪಾತ್ರೆ ಇದ್ದರೆ ಸಾಕು! ತಮಾಷೆಗೆ ಅಂದೆ. ಥರ್ಮಲ್ ಫ್ಯೂಸ್ (ಮಷಿನ್ ಅತಿಯಾಗಿ ಕಾದರೆ ಕರೆಂಟ್ ಕತ್ತರಿಸುವ ಫ್ಯೂಸ್) ತೊಂದರೆ ಇರಬಹುದು. ನನ್ನದರಲ್ಲಿ ಹೋಗಿತ್ತು, ಅದನ್ನು ತೆಗೆದು ವೈರ್ ನೇರ ಜೋಡಿಸಿದೆ. ಎರಡು ತಿಂಗಳಿಂದ ಚೆನ್ನಾಗಿ ಓಡುತ್ತಿದೆ.

ಸಪ್ತಾಪುರ, ಧಾರವಾಡ:

ಕೇಶ್ವಾಪುರದ ಅಣ್ಣಾರೆ, ಮೊದಲು ನಿಮ್ಮ ಮಷಿನ್ನಿನ ಪ್ಲಗ್ ಕೀಳಿ. ಬಿಸಿ ನೋಡಿ ಕರೆಂಟ್ ಕತ್ತರಿಸಿ ಮತ್ತೆ ಕೊಡುವ ಸ್ವಿಚ್, ಅಂದರೆ ಥರ್ಮೋಸ್ಟಾಟ್, ಅಂಟಿಕೊಂಡರೆ ಬೆಂಕಿ ತಡೆಯಲು ಉಳಿಯುವುದು ಆ ಫ್ಯೂಸ್ ಒಂದೇ. ನೀರು ಮುಗಿದ ಮೇಲೂ ಕಾಯುತ್ತಲೇ ಹೋದರೆ ಮೊದಲು ಪ್ಲಾಸ್ಟಿಕ್ ಕರಗುತ್ತದೆ, ಆಮೇಲೆ ಹತ್ತುತ್ತದೆ. ಅದೇ ಡಿಗ್ರಿಯ ಹೊಸ ಫ್ಯೂಸ್ ಹಾಕಿಸಿ. ಅದು ಅಗ್ಗದ ಸಾಮಾನು. ಇದೊಂದನ್ನು ಮಾತ್ರ ಯಾರೂ ಅನುಕರಿಸಬೇಡಿ.

ಈಗ ಬೆಟಗೇರಿಯ ಅಕ್ಕಾರೆ, ನಿಮ್ಮ ಕಾಯಿಲ್ ಹೋಗಿಲ್ಲ. ನಾನು ಮೂವತ್ತು ವರ್ಷ ಮೋಟಾರ್ ರಿವೈಂಡಿಂಗ್ ಮಾಡಿದವನು. ಕಾಯಿಲ್ ಹೋದರೆ ಪೂರ್ತಿ ಹೋಗುತ್ತದೆ, ನೀರು ತಣ್ಣಗೇ ಇರುತ್ತದೆ. ನಿಮ್ಮಲ್ಲಿ ಹಬೆ ಬರುತ್ತಿದೆ ಅಂದರೆ ಅದು ದುಡಿಯುತ್ತಿದೆ.

ಲೆಕ್ಕ ನೋಡಿ. ಈ ಮಷಿನ್ನುಗಳಲ್ಲಿ ಒಂದು ಕಪ್ ಅಂದರೆ ಸಾಮಾನ್ಯವಾಗಿ 125 ಮಿಲಿ. ಆರು ಕಪ್ಪಿಗೆ ಮುಕ್ಕಾಲು ಲೀಟರ್. ಅಷ್ಟು ನೀರನ್ನು 25 ಡಿಗ್ರಿಯಿಂದ 95 ಡಿಗ್ರಿಗೆ ತರಲು 650 ವ್ಯಾಟ್‌ಗೆ ಸುಮಾರು ಐದೂವರೆ ನಿಮಿಷ ಸಾಕು. ಅಲ್ಲಿ ಇಲ್ಲಿ ಶಾಖ ಹೋಗುವುದನ್ನು ಸೇರಿಸಿದರೆ ಏಳೆಂಟು ನಿಮಿಷ. ಇಪ್ಪತ್ತು ನಿಮಿಷ ಆಗುತ್ತಿದ್ದರೆ ನಡುವೆ ಏನೋ ಅಡ್ಡ ನಿಂತಿದೆ.

ಒಳಗೆ ಪಂಪ್ ಇರುವುದಿಲ್ಲ. ಜಗ್ ಇಡುವ ಬಿಸಿ ತಟ್ಟೆಯ ಕೆಳಗೆ ಒಂದು ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಹೊಂದಿಕೊಂಡೇ ಹೀಟರ್. ಟ್ಯಾಂಕಿನ ನೀರು ಕೊಳವೆಗೆ ಇಳಿದು ಕುದಿಯುತ್ತದೆ, ಹಬೆಯ ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ. ನೀರು ಟ್ಯಾಂಕಿಗೆ ವಾಪಸ್ ಹೋಗದ ಹಾಗೆ ದಾರಿಯಲ್ಲಿ ಒಂದು ಪುಟ್ಟ ವಾಲ್ವ್. ಬೋರಿನ ನೀರು ಕಾದಾಗ ಕೊಳವೆಯ ಒಳಗೆ ಸುಣ್ಣ ಕಟ್ಟುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪೊರೆ ನೋಡಿರುತ್ತೀರಲ್ಲ, ಅದೇ. ಪೊರೆ ದಪ್ಪ ಆದಷ್ಟೂ ಶಾಖ ನೀರಿಗೆ ದಾಟುವುದಿಲ್ಲ. ಲೋಹ ಸುಮ್ನೆ ಕಾಯುತ್ತದೆ, ಥರ್ಮೋಸ್ಟಾಟ್ ಕರೆಂಟ್ ಕತ್ತರಿಸುತ್ತದೆ, ಆರಿದ ಮೇಲೆ ಮತ್ತೆ ಕೊಡುತ್ತದೆ. ನಿಮ್ಮ ಹನ್ನೆರಡು ನಿಮಿಷ ಹೋಗುತ್ತಿರುವುದು ಇಲ್ಲಿ.

ಆದರೆ ಬುಟ್ಟಿ ತುಂಬಿ ಚೆಲ್ಲುವುದು ಬೇರೆ ರೋಗ ಅಂತ ನನ್ನ ಅನುಮಾನ. ಒಂದು ಪರೀಕ್ಷೆ ಮಾಡಿ. ಪುಡಿ, ಪೇಪರ್ ಏನೂ ಹಾಕದೆ ಬರೀ ನೀರು ಓಡಿಸಿ, ಗಡಿಯಾರ ನೋಡಿ. ಆಗಲೂ ನಿಧಾನ ಆದರೆ ದೋಷ ಮಷಿನ್ನಿನದು. ಬರೀ ನೀರಿಗೆ ಚೆಲ್ಲದೆ, ಪುಡಿ ಹಾಕಿದಾಗ ಮಾತ್ರ ಚೆಲ್ಲಿದರೆ ದೋಷ ಪುಡಿಯದು.

ಬೆಟಗೇರಿ, ಗದಗ:

ಮಾಡಿದೆ ಕಾಕಾ. (ಕಾಕಾ ಅನ್ನಬಹುದಲ್ವಾ?) ಬರೀ ನೀರಿಗೆ 18 ನಿಮಿಷ. ಬುಟ್ಟಿ ಚೆಲ್ಲಲಿಲ್ಲ. ಅಂದರೆ ಎರಡೂ ಕೆಟ್ಟಿವೆ! ಸುಣ್ಣ ತೆಗೆಯಲು ಹುಣಸೆಹಣ್ಣಿನ ನೀರು ಹಾಕಲೇ? ನಮ್ಮತ್ತೆ ತಾಮ್ರದ ಕೊಡವನ್ನು ಅದರಲ್ಲೇ ತಿಕ್ಕಿ ಫಳಫಳ ಮಾಡುತ್ತಾರೆ.

ಸಪ್ತಾಪುರ, ಧಾರವಾಡ:

ಹುಣಸೆ ಬೇಡ ತಂಗಿ. ಎಷ್ಟು ಸೋಸಿದರೂ ನಾರು ಉಳಿದು ವಾಲ್ವ್ ಕಟ್ಟುತ್ತದೆ. ಲಿಂಬೆರಸವೂ ಹಾಗೇ. ಕಿರಾಣಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಪುಡಿ ಸಿಗುತ್ತದೆ, ನಿಂಬೆ ಉಪ್ಪು ಅಂತ ಕೇಳಿದರೂ ಕೊಡುತ್ತಾರೆ. ಮುಕ್ಕಾಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ. ಪೂರ್ತಿ ಕರಗಿಸಿ ಟ್ಯಾಂಕಿಗೆ ಹಾಕಿ ಆನ್ ಮಾಡು. ಮೂರನೇ ಒಂದು ಭಾಗ ಜಗ್‌ಗೆ ಇಳಿದ ಕೂಡಲೇ ಆಫ್ ಮಾಡಿ ಅರ್ಧ ಗಂಟೆ ಬಿಡು. ಹುಳಿ ಕೊಳವೆಯಲ್ಲೇ ಕೂತು ಸುಣ್ಣ ತಿನ್ನಬೇಕು. ಆಮೇಲೆ ಉಳಿದದ್ದನ್ನು ಓಡಿಸು. ಕೊನೆಗೆ ಮೂರು ಸಲ ಬರೀ ನೀರು.

ರಾತ್ರಿಯಿಡೀ ಬಿಡಬೇಡ, ಹುಳಿ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ವಿನೆಗರ್ ಆದರೆ ಒಂದು ಪಾಲಿಗೆ ಎರಡು ಪಾಲು ನೀರು, ಆದರೆ ಅದರ ವಾಸನೆ ನಾಲ್ಕು ದಿನ ಕಾಫಿಯಲ್ಲಿ ಇರುತ್ತದೆ. ಇನ್ನೊಂದು: ಹುಳಿ ಹಾಕಿದ ಕಡೆ ಬ್ಲೀಚಿಂಗ್ ಪುಡಿ ತರಲೇಬಾರದು. ಎರಡೂ ಕೂಡಿದರೆ ವಿಷದ ಗಾಳಿ ಏಳುತ್ತದೆ.

ಹಾವೇರಿ:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನ ಮಗ ಟ್ಯಾಂಕಿಗೆ ನೇರ ಹಾಲು ಹಾಕಿಬಿಟ್ಟಿದ್ದಾನೆ. ಹಾಲಿನ ಕಾಫಿಯೇ ಇಳಿಯುತ್ತದೆ ಅಂದುಕೊಂಡನಂತೆ. ಈಗ ಸೀದ ವಾಸನೆ. ನಾನೂ ನಿಂಬೆ ಉಪ್ಪು ಹಾಕಲೇ?

ಸಪ್ತಾಪುರ, ಧಾರವಾಡ:

ಈಗಲೇ ಬೇಡ. ಹುಳಿ ಬಿದ್ದರೆ ಒಳಗಿನ ಹಾಲು ಒಡೆದು ಗಟ್ಟಿ ಆಗುತ್ತದೆ. ಮೊದಲು ಬರೀ ನೀರು ನಾಲ್ಕೈದು ಸಲ. ಆಮೇಲೆ ಅಡುಗೆ ಸೋಡಾ ಒಂದು ಚಮಚ ಕರಗಿಸಿ ಒಂದು ಸಲ, ಮತ್ತೆ ಬರೀ ನೀರು. ಬಟ್ಟೆ ಸೋಡಾ ಅಲ್ಲ, ಅಡುಗೆಯದು. ಅದಾದ ಮೇಲೂ ವಾಸನೆ ಹೋಗದಿದ್ದರೆ ಆ ಮಷಿನ್ನಿನ ಆಸೆ ಬಿಡಿ.

ಬೆಟಗೇರಿ, ಗದಗ:

ಕಾಕಾ, ಕೆಲಸ ಕೆಟ್ಟಿತು. ನಿಂಬೆ ಉಪ್ಪಿನ ಮೊದಲ ಸುತ್ತಿನಲ್ಲಿ ಬಿಳಿ ಚಕ್ಕೆ ಚಕ್ಕೆ ಬಂತು, ಖುಷಿ ಆಯಿತು. ಎರಡನೇ ಸುತ್ತಿಗೆ ನೀರು ಏರುವುದೇ ನಿಂತಿತು. ಟ್ಯಾಂಕಿನ ತಳದಿಂದ ಬುಳುಬುಳು ಗುಳ್ಳೆ ಬರುತ್ತಿದೆ. ಮೊದಲು ನಿಧಾನಕ್ಕಾದರೂ ಬರುತ್ತಿತ್ತು.

ಸಪ್ತಾಪುರ, ಧಾರವಾಡ:

ಗಾಬರಿ ಬೇಡ. ಗುಳ್ಳೆ ಹಿಂದಕ್ಕೆ ಬರುತ್ತಿದೆ ಅಂದರೆ ವಾಲ್ವ್ ಮುಚ್ಚುತ್ತಿಲ್ಲ. ಕಿತ್ತು ಬಂದ ಚಕ್ಕೆ ಒಂದು ಅದರ ಬಾಯಲ್ಲಿ ಕೂತಿದೆ. ಪ್ಲಗ್ ಕೀಳು, ಪೂರ್ತಿ ತಣ್ಣಗಾಗಲಿ. ಟ್ಯಾಂಕಿಗೆ ಸ್ವಲ್ಪ ನೀರು ಹಾಕಿ ಮಷಿನ್ ಅಲ್ಲಾಡಿಸು, ಮಗುಚಿ ಚೆಲ್ಲು. ಮೂರ್ನಾಲ್ಕು ಸಲ. ಅದಕ್ಕೂ ಬರದಿದ್ದರೆ ತಳದ ಸ್ಕ್ರೂ ಬಿಚ್ಚಬೇಕು, ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನ ಬಾಯಲ್ಲಿ ವಾಲ್ವ್ ಇರುತ್ತದೆ. ಮೇಲೆ ನೀರು ಉದುರುವ ಜಾಲರಿಯ ತೂತುಗಳನ್ನೂ ಸೂಜಿಯಿಂದ ಬಿಡಿಸು. ಅರ್ಧ ಮುಚ್ಚಿರುತ್ತವೆ, ನೋಡು.

ಬೆಟಗೇರಿ, ಗದಗ:

ಮಗುಚಿದಾಗ ಜೋಳದ ಕಾಳಿನಷ್ಟು ದಪ್ಪದ ಚಕ್ಕೆ ಬಿತ್ತು! ಬಿಚ್ಚಬೇಕಾಗಲಿಲ್ಲ. ಜಾಲರಿಯಲ್ಲಿ ಏಳು ತೂತು, ಮೂರು ಮುಚ್ಚಿದ್ದವು. ಇನ್ನೊಂದು ಸುತ್ತು ನಿಂಬೆ ಉಪ್ಪು, ಮೂರು ಸುತ್ತು ನೀರು. ಈಗ ಬರೀ ನೀರಿಗೆ 8 ನಿಮಿಷ. ಟ್ಯಾಂಕ್ ಖಾಲಿ.

ಪುಡಿ ಹಾಕಿದರೆ ಮಾತ್ರ ಮತ್ತೆ ಅದೇ ಗಸಿ, ಅದೇ ಕಟ್ಟೆ. ಈಗ ನೀರು ಜೋರಾಗಿ ಬರುತ್ತಿರುವುದಕ್ಕೋ ಏನೋ, ಇನ್ನೂ ಜಾಸ್ತಿ ಚೆಲ್ಲುತ್ತಿದೆ. ಗದಗಿನಲ್ಲಿ ಫಿಲ್ಟರ್ ಪೇಪರ್ ಸಿಗುತ್ತಿಲ್ಲ, ಟಿಶ್ಯೂ ಪೇಪರ್ ಎರಡು ಪದರ ಹಾಕುತ್ತಿದ್ದೇನೆ.

ವಿದ್ಯಾನಗರ, ಹುಬ್ಬಳ್ಳಿ:

ಇದಕ್ಕೆ ನಾನು ಹೇಳುತ್ತೇನೆ, ಕಾಫಿ ನನ್ನ ಹುಚ್ಚು. ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಪಾಡಿಗೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ರಾತ್ರಿ ಹಾಕಿ ಬೆಳಿಗ್ಗೆ ನೋಡಿದರೂ ನಡೆಯುತ್ತದೆ. ಅದಕ್ಕೆ ನುಣ್ಣನೆ ಪುಡಿ, ಚಿಕೋರಿ ಎರಡೂ ಸರಿ. ನಿಮ್ಮ ಮಷಿನ್ ಮುಕ್ಕಾಲು ಲೀಟರನ್ನು ಎಂಟು ನಿಮಿಷದಲ್ಲಿ ಸುರಿಯುತ್ತದೆ, ನಿಮಿಷಕ್ಕೆ ಹತ್ತಿರ ಹತ್ತಿರ 95 ಮಿಲಿ. ಚಿಕೋರಿ ನೀರು ಕುಡಿದು ಉಬ್ಬುತ್ತದೆ, ಕೆಸರಿನ ಹಾಗೆ ಕೂರುತ್ತದೆ. ನೀರು ದಾಟುವುದಾದರೂ ಎಲ್ಲಿಂದ?

ಚಿಕೋರಿ ಇಲ್ಲದ ಪುಡಿ ಕೇಳಿ. ಅಂಗಡಿಯವರೇ ಬೀಸಿ ಕೊಡುವುದಾದರೆ ಸಣ್ಣ ರವೆಗಿಂತ ತುಸು ದಪ್ಪ ಇರಲಿ ಅನ್ನಿ. ಪ್ಯಾಕೆಟ್ ತರುವುದಾದರೆ ಹಿಂದೆ ಓದಿ, ಕಾಫಿ ಎಷ್ಟು ಚಿಕೋರಿ ಎಷ್ಟು ಅಂತ ಬರೆದಿರುತ್ತದೆ. ಕಾನೂನಿನ ಪ್ರಕಾರ ಚಿಕೋರಿ 49 ಪರ್ಸೆಂಟ್‌ವರೆಗೂ ಇರಬಹುದು! ಲೀಟರಿಗೆ 55ರಿಂದ 60 ಗ್ರಾಂ ಲೆಕ್ಕ, ನಿಮ್ಮ ಮುಕ್ಕಾಲು ಲೀಟರಿಗೆ 40-45 ಗ್ರಾಂ. ಹಾಲು ಹಾಕಿ ಕುಡಿಯುವವರಿಗೆ ಇದು ತೆಳು ಅನಿಸುತ್ತದೆ. ಪುಡಿ ಅಷ್ಟೇ ಇಟ್ಟು ನೀರನ್ನು ಅರ್ಧ ಲೀಟರಿಗೆ ಇಳಿಸಿ.

ಟಿಶ್ಯೂ ಪೇಪರ್ ಬಿಡಿ, ಅದು ಒದ್ದೆಯಾಗಿ ತೂತಿಗೆ ಅಂಟುತ್ತದೆ. ಹಳೇ ಧೋತರದ ತೆಳ್ಳನೆ ಬಟ್ಟೆ ಸಾಕು. ಸೋಪು ಹಾಕದೆ ಬಿಸಿನೀರಿನಲ್ಲಿ ತೊಳೆಯಿರಿ. ಈ ಪೇಪರ್ ಫಿಲ್ಟರ್ ಹುಟ್ಟಿದ್ದೂ ಹೀಗೇ. 1908ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ಶಾಲೆಯ ಬ್ಲಾಟಿಂಗ್ ಪೇಪರನ್ನು ತೂತು ಹೊಡೆದ ಡಬ್ಬಿಯೊಳಗೆ ಇಟ್ಟು ಕಾಫಿ ಸೋಸಿದ್ದರು.

ಸಪ್ತಾಪುರ, ಧಾರವಾಡ:

ನೀರಿನ ಬಗ್ಗೆ ಒಂದು ಮಾತು ಉಳಿಯಿತು. ನಮಗೆ ನವಿಲುತೀರ್ಥದ ಮಲಪ್ರಭೆ ನೀರು, ನಾನು ಆರು ತಿಂಗಳಿಗೊಮ್ಮೆ ಸುಣ್ಣ ತೆಗೆದರೆ ನಡೆಯುತ್ತದೆ. ಬೋರಿನ ನೀರಾದರೆ ತಿಂಗಳಿಗೊಮ್ಮೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ನಿಮ್ಮ ಹತ್ತಿರ ಇದ್ದರೆ ಕಾಫಿಗೂ ಅದನ್ನೇ ಹಾಕು. ನಿಮ್ಮ ಜಿಲ್ಲೆಯಲ್ಲಿ, ಮುಂಡರಗಿ ಕಡೆಯಂತೂ, ಬೋರಿನ ನೀರಿನಲ್ಲಿ ಫ್ಲೋರೈಡ್ ಕಾಟ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ದಟ್ಟ ಆಗುತ್ತದೆ.

ಬೆಟಗೇರಿ, ಗದಗ:

ಘಟಕ ಎರಡು ಓಣಿ ಆಚೆ ಇದೆ, ಇನ್ನು ಅದೇ ನೀರು. ಚಿಕೋರಿ ಇಲ್ಲದ ದಪ್ಪ ಪುಡಿ ನಿನ್ನೆ ಬಂತು. 42 ಗ್ರಾಂ ಪುಡಿ, ಅರ್ಧ ಲೀಟರ್ ನೀರು, ಮಾವನವರ ಧೋತರದ ತುಂಡು. ಐದೂಮುಕ್ಕಾಲು ನಿಮಿಷ. ಕಟ್ಟೆಯ ಮೇಲೆ ಒಂದು ಹನಿ ಬಿದ್ದಿಲ್ಲ. ಆದರೆ ಒಂದು ಗಂಟೆ ಬಿಸಿ ತಟ್ಟೆಯ ಮೇಲೇ ಬಿಟ್ಟಿದ್ದಕ್ಕೆ ಎರಡನೇ ಸಲ ಕುಡಿದಾಗ ಕಹಿ. ಇದೂ ಪುಡಿಯ ದೋಷವಾ?

ವಿದ್ಯಾನಗರ, ಹುಬ್ಬಳ್ಳಿ:

ಅಲ್ಲ, ತಟ್ಟೆಯದು. ಕಾಫಿ ಅಲ್ಲೇ ಬೇಯುತ್ತಾ ಇರುತ್ತದೆ. ಇಳಿದ ಕೂಡಲೇ ಆಫ್ ಮಾಡಿ ಥರ್ಮಾಸ್‌ಗೆ ಸುರಿದಿಡಿ. ಹಾಲು ಬೆರೆಸದೆ ಇಡಿ.

ಕೇಶ್ವಾಪುರ, ಹುಬ್ಬಳ್ಳಿ:

ಕಾಕಾ, ಫ್ಯೂಸ್ ಹಾಕಿಸಿದೆ. ಹಳೆಯದರ ಮೇಲೆ ಬರೆದಿದ್ದ ಡಿಗ್ರಿಯದೇ. ಬಿಚ್ಚಿ ನೋಡಿದರೆ ನಾನು ಜೋಡಿಸಿದ್ದ ವೈರಿನ ಪ್ಲಾಸ್ಟಿಕ್ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.