ಕೋಹಾ ಬಳಸುವ ಲೈಬ್ರರಿಗಳ ಕನ್ನಡ ನೆರವು ಬಳಗಕ್ಕೆ ಯಾವ ವೇದಿಕೆ? (ಮೈಸೂರು–ಮಂಡ್ಯ)

ಮದ್ದೂರು_ಲೈಬ್ರರಿ ಕೇಳಿದ್ದು:

ಮಂಡ್ಯ, ಮದ್ದೂರು, ಪಾಂಡವಪುರ, ಮೈಸೂರಿನ ಕಾಲೇಜು ಲೈಬ್ರರಿಗಳಲ್ಲಿ ಕೋಹಾ (ಲೈಬ್ರರಿ ನಿರ್ವಹಣೆಯ ತಂತ್ರಾಂಶ) ನಡೆಸುವವರು ಸದ್ಯ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ನೆರವಾಗುತ್ತಿದ್ದೇವೆ. ಉತ್ತರ ಬೇಗ ಸಿಗುತ್ತದೆ, ಆದರೆ ಉಳಿಯುವುದಿಲ್ಲ. "ಹೊಸ ಪುಸ್ತಕ ಸೇರಿಸಿದೆ, ಓಪ್ಯಾಕ್‌ನಲ್ಲಿ ಹುಡುಕಿದರೆ ಬರ್ತಿಲ್ಲ" ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ (ಓಪ್ಯಾಕ್ ಅಂದರೆ ಓದುಗರು ಹುಡುಕುವ ಪುಸ್ತಕಪಟ್ಟಿ). ಝೀಬ್ರಾ (ಕೋಹಾದ ಹುಡುಕಾಟದ ಸಾಧನ) ಇಂಡೆಕ್ಸರ್ ನಿಂತಿದೆಯಾ ನೋಡಿ, ಇಂಡೆಕ್ಸ್ ಮತ್ತೆ ಕಟ್ಟಿ ಎಂಬ ಅದೇ ಉತ್ತರವನ್ನು ಪ್ರತಿ ಸಲ ಹೊಸದಾಗಿ ಟೈಪ್ ಮಾಡಬೇಕು.

ಗುಂಪಿನ ಹೊರಗಿನ ಲೈಬ್ರೇರಿಯನ್ನರಿಗೂ ಗೂಗಲ್‌ನಲ್ಲಿ ಹುಡುಕಿದರೆ ಸಿಗುವಂಥ ಜಾಗ ಬೇಕು. ಹೆಚ್ಚಿನವರ ಕೈಯಲ್ಲಿರುವುದು ಫೋನು. ಕನ್ನಡದಲ್ಲೇ ಬರೆಯುತ್ತಾರೆ. ಖಚಿತವಾಗಿ ಉತ್ತರಿಸಬಲ್ಲವರು ನಾಲ್ಕು ಜನ, ಅವರಲ್ಲಿ ಸರ್ವರ್ ಕೆಲಸ ಬಲ್ಲವರು ಒಬ್ಬರೇ. ತಿಂಗಳಿಗೆ ಸಾವಿರ ರೂಪಾಯಿ ಆಸುಪಾಸು ಖರ್ಚು ಮಾಡಬಹುದು. ಡಿಸ್ಕೋರ್ಸ್ (ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಾದ ಚರ್ಚಾ ವೇದಿಕೆ), ಗಿಟ್‌ಹಬ್ ಡಿಸ್ಕಶನ್ಸ್ (ಕೋಡ್ ಇಡುವ ತಾಣದ ಚರ್ಚಾ ವಿಭಾಗ), ಟೆಲಿಗ್ರಾಂ, ಡಿಸ್ಕಾರ್ಡ್, ಗೂಗಲ್ ಗ್ರೂಪ್ಸ್ ಹೆಸರು ಕೇಳಿಬಂದಿವೆ. ಯಾವುದು ಸರಿ?

---

ನಾಲೆ_ಏರಿ (ಮಂಡ್ಯ):

ಹೊರಗಿನವರಿಗೂ ಸಿಗಬೇಕು ಅಂದಿರಲ್ಲ, ಆ ಒಂದು ಮಾತಿಗೇ ಪಟ್ಟಿಯಿಂದ ಎರಡು ಹೆಸರು ಹೊಡೆದುಹಾಕಬಹುದು. ಡಿಸ್ಕಾರ್ಡ್ ಒಳಗಿನ ಮಾತು ಗೂಗಲ್ ಹುಡುಕಾಟಕ್ಕೆ ಸಿಗುವುದಿಲ್ಲ. ಟೆಲಿಗ್ರಾಂ ಗುಂಪಿಗೆ 2 ಲಕ್ಷ ಜನ ಹಿಡಿಸುತ್ತಾರೆ, ವಿಷಯವಾರು ಭಾಗಗಳೂ ಇವೆ, ಆದರೂ ಅದು ಚಾಟ್. ಹಳೆ ಉತ್ತರ ಮೇಲೆ ಹೋಗಿಬಿಡುತ್ತದೆ. ಸ್ಲ್ಯಾಕ್ ಹೆಸರನ್ನು ಯಾರಾದರೂ ಎತ್ತಿದರೆ ಬೇಡ ಅನ್ನಿ: ಅದರ ಉಚಿತ ಖಾತೆಯಲ್ಲಿ 2022ರ ಸೆಪ್ಟೆಂಬರ್‌ನಿಂದ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ.

ಗಿಟ್‌ಹಬ್ ಡಿಸ್ಕಶನ್ಸ್ ಚೆನ್ನಾಗಿದೆ, ಪ್ರಶ್ನೋತ್ತರ ವಿಭಾಗದಲ್ಲಿ "ಇದೇ ಉತ್ತರ" ಅಂತ ಗುರುತು ಹಾಕಬಹುದು, ಖರ್ಚಿಲ್ಲ, ಸರ್ವರ್ ನೋಡಿಕೊಳ್ಳುವ ಕೆಲಸವಿಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೂ ಗಿಟ್‌ಹಬ್ ಖಾತೆ ಬೇಕು. ಕೋಡ್ ಬರೆಯುವವರ ಬಳಗಕ್ಕೆ ಅದು ತೊಡಕಲ್ಲ. ಲೇಬಲ್ ಪ್ರಿಂಟ್ ಸರಿಯಾಗಿ ಬರಲಿ ಅಂತ ಒದ್ದಾಡುತ್ತಿರುವ ಲೈಬ್ರೇರಿಯನ್ ಅಲ್ಲೇ ವಾಪಸ್ ಹೋಗುತ್ತಾರೆ.

ನನ್ನ ಮತ ಡಿಸ್ಕೋರ್ಸ್‌ಗೆ. ಫೆಡೋರಾ, ಲಿಬ್ರೆಆಫೀಸ್ ಬಳಗಗಳ ಪ್ರಶ್ನೋತ್ತರ ತಾಣಗಳು ಮೊದಲು ಆಸ್ಕ್‌ಬಾಟ್ ಎಂಬ ತಂತ್ರಾಂಶದ ಮೇಲಿದ್ದವು, ಎರಡೂ ಆಮೇಲೆ ಇದಕ್ಕೇ ಬಂದವು. ಲಾಗಿನ್ ಇಲ್ಲದೆ ಓದಬಹುದು, ಫೋನ್ ಬ್ರೌಸರ್‌ನಲ್ಲಿ ಸಲೀಸು, ಸಾಲ್ವ್ಡ್ ಪ್ಲಗಿನ್ ಹಾಕಿದರೆ ಸರಿಯುತ್ತರ ಪ್ರಶ್ನೆಯ ಕೆಳಗೇ ಬಂದು ಕೂರುತ್ತದೆ. ಪೂರ್ತಿ ಬ್ಯಾಕಪ್ ಒಂದೇ ಕಡತವಾಗಿ ಕೈಗೆ ಸಿಗುತ್ತದೆ, ನಾಳೆ ಬೇರೆ ಸರ್ವರ್‌ಗೆ ಹೋಗಲು ಯಾರ ಅಪ್ಪಣೆಯೂ ಬೇಡ.

ಹಾಕಿದ ದಿನವೇ ಬದಲಿಸಬೇಕಾದ್ದು ಒಂದಿದೆ. ಹೊಸ ಸದಸ್ಯರಿಗೆ ಮೊದಲೇ ಇರುವ ಮಿತಿ: ಒಂದು ಪೋಸ್ಟಿಗೆ 1 ಚಿತ್ರ, 2 ಕೊಂಡಿ, ಕಡತ ಲಗತ್ತಿಸಲು ಅವಕಾಶವೇ ಇಲ್ಲ. 5 ವಿಷಯ ತೆರೆದು, 30 ಪೋಸ್ಟ್ ಓದಿ, 10 ನಿಮಿಷ ಕಳೆದ ಮೇಲಷ್ಟೇ ಮುಂದಿನ ಮೆಟ್ಟಿಲು. ಸ್ಪ್ಯಾಮ್ ತಡೆಯಲು ಇದು ಒಳ್ಳೆಯದು. ಆದರೆ ನೆರವಿನ ತಾಣಕ್ಕೆ ಬರುವವರ ಮೊದಲ ಪೋಸ್ಟೇ ಲಾಗ್ ಕಡತ, ಮೂರು ಸ್ಕ್ರೀನ್‌ಶಾಟ್ ಹೊತ್ತು ಬರುತ್ತದೆ. ತಡೆದರೆ ಮತ್ತೆ ವಾಟ್ಸ್‌ಆ್ಯಪ್‌ಗೇ ಓಡುತ್ತಾರೆ. ಚಿತ್ರ 4, ಲಗತ್ತು 2 ಮಾಡಿ. ಕೊಂಡಿಯ ಮಿತಿ 2 ಹಾಗೇ ಇರಲಿ, ಸ್ಪ್ಯಾಮ್ ನುಗ್ಗುವುದು ಅಲ್ಲಿಂದ.

---

ಸರಸ್ವತಿಪುರಂ_ಸರ್ವರ್ (ಮೈಸೂರು):

ವೇದಿಕೆಯ ಗುಣಗಳ ಬಗ್ಗೆ ನಾಲೆ_ಏರಿ ಹೇಳಿದ್ದೆಲ್ಲ ಸರಿ. ನನ್ನ ತಕರಾರು ಬೇರೆ: "ಸರ್ವರ್ ಕೆಲಸ ಬಲ್ಲವರು ಒಬ್ಬರೇ" ಅನ್ನುವ ಸಾಲು. ಅವರು ಊರು ಬಿಟ್ಟರೆ, ವರ್ಗವಾದರೆ ತಾಣದ ಗತಿ ಏನು? ಡೊಮೇನ್, ಸರ್ವರ್, ಮೇಲ್ ಸೇವೆ, ಈ ಮೂರರ ಖಾತೆಯೂ ಕನಿಷ್ಠ ಇಬ್ಬರ ಕೈಯಲ್ಲಿ ಇರದಿದ್ದರೆ ಡಿಸ್ಕೋರ್ಸ್ ಶುರು ಮಾಡಲೇಬೇಡಿ. ಅಲ್ಲಿಯವರೆಗೆ ಗೂಗಲ್ ಗ್ರೂಪ್ಸ್ ಸಾಕು. ಎಲ್ಲರ ಫೋನಿನಲ್ಲೂ ಜಿಮೇಲ್ ಇದೆ, ಹಳೆ ಮಾತುಕತೆಯನ್ನು ಸಾರ್ವಜನಿಕವಾಗಿ ಇಡಬಹುದು. ವಿಂಗಡಣೆ ಕಷ್ಟ, ಉತ್ತರಕ್ಕೆ ಗುರುತಿಲ್ಲ, ನಿಜ. ಆದರೆ ಅರ್ಧರಾತ್ರಿ ಡಿಸ್ಕ್ ತುಂಬಿ ಬಾಗಿಲು ಮುಚ್ಚುವುದಿಲ್ಲ.

ಡಿಸ್ಕೋರ್ಸ್ ಹಾಕುವುದೇ ಆದರೆ:

ರ‍್ಯಾಮ್ 1 ಜಿಬಿ ಇದ್ದರೂ ಸ್ವ್ಯಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಸೇರಿಸಿ ನಡೆಯುತ್ತದೆ ಅನ್ನುತ್ತಾರೆ. ನಡೆಯುತ್ತದೆ, ಆದರೆ ಅಪ್‌ಗ್ರೇಡ್ ದಿನ ರೀಬಿಲ್ಡ್ ಮಾಡುವಾಗ, ಅಂದರೆ ತಾಣವನ್ನು ಮತ್ತೆ ಕಟ್ಟುವಾಗ, ಜಾವಾಸ್ಕ್ರಿಪ್ಟ್ ಕಡತಗಳನ್ನು ಕಟ್ಟುವ ಹಂತದಲ್ಲಿ ಮೆಮೊರಿ ಸಾಲದೆ ಬಿದ್ದುಹೋಗಬಹುದು, ಆ ಹೊತ್ತಿಗೆ ತಾಣ ನಿಂತಿರುತ್ತದೆ. 2 ಜಿಬಿ ರ‍್ಯಾಮ್, 2 ಜಿಬಿ ಸ್ವ್ಯಾಪ್ ಇಡಿ. ಆ ಗಾತ್ರದ ಯಂತ್ರ ತಿಂಗಳಿಗೆ 10–12 ಡಾಲರಿಗೆ ಸಿಗುತ್ತದೆ, ನಿಮ್ಮ ಲೆಕ್ಕಕ್ಕೆ ಸರಿಹೋಗುತ್ತದೆ. ಹಳೆಯ ಡಾಕರ್ ಇಮೇಜುಗಳು (ಹಿಂದಿನ ಆವೃತ್ತಿಗಳ ಕಟ್ಟುಗಳು) ಡಿಸ್ಕಿನಲ್ಲಿ ಪೇರಿಸಿಕೊಳ್ಳುತ್ತವೆ; ಪ್ರತಿ ರೀಬಿಲ್ಡ್ ಆದಮೇಲೆ ಡಿಸ್ಕೋರ್ಸ್‌ನ ಲಾಂಚರ್ ಎಂಬ ಸಾಧನದ ಕ್ಲೀನಪ್ ಆದೇಶ ಓಡಿಸಿ. ಪೋಸ್ಟ್‌ಗ್ರೆಸ್‌ನ (ಡಿಸ್ಕೋರ್ಸ್ ಬಳಸುವ ಡೇಟಾಬೇಸ್ ತಂತ್ರಾಂಶ) ದೊಡ್ಡ ಆವೃತ್ತಿ ಬದಲಾದಾಗ ಡೇಟಾಬೇಸ್‌ನ ಎರಡರಷ್ಟು ಜಾಗ ಖಾಲಿ ಬೇಕಾಗುತ್ತದೆ.

ನಿಜವಾದ ತಲೆನೋವು ಮೇಲ್. ಹೊಸಬರಿಗೆ ಖಾತೆ ಖಚಿತಪಡಿಸುವ ಮೇಲ್ ಹೋಗದಿದ್ದರೆ ಅವರು ಒಳಗೇ ಬರಲಾರರು, ನಿಮಗೆ ದೂರು ಕೊಡಲೂ ಆಗದು. ತಾಣ ಆರೋಗ್ಯವಾಗಿಯೇ ಕಾಣುತ್ತದೆ, ಸದಸ್ಯರು ಮಾತ್ರ ಹೆಚ್ಚುವುದಿಲ್ಲ. ಹಲವು ಕ್ಲೌಡ್ ಕಂಪನಿಗಳು 25ನೇ ಪೋರ್ಟ್ (ಮೇಲ್ ಹೊರಹೋಗುವ ದಾರಿ) ಮುಚ್ಚಿರುತ್ತವೆ, ಕೆಲವು 465, 587 ಕೂಡ. ಆಗ 2525 ಕೊಡುವ ಮೇಲ್ ಸೇವೆ ಹಿಡಿಯಬೇಕು. ಸ್ವಂತ ಜಿಮೇಲ್ ಖಾತೆಯಿಂದ ಕಳಿಸುವ ಯೋಚನೆ ಬೇಡ, ದಿನಕ್ಕೆ 500ರ ಮಿತಿ ಇದೆ. ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ನಿಮ್ಮದೇ ಎಂದು ತೋರಿಸುವವು) ಮೂರೂ ದಾಖಲೆ ಹಾಕಿ. ಇಲ್ಲದಿದ್ದರೆ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ. ಆಮೇಲೆ ಗೂಗಲ್ ಲಾಗಿನ್ ಕಡ್ಡಾಯವಾಗಿ ತೆರೆಯಿರಿ. ಹಾಗೆ ಬಂದವರ ವಿಳಾಸ ಗೂಗಲ್‌ನಿಂದಲೇ ಖಚಿತವಾಗಿ ಬರುವುದರಿಂದ ಖಾತೆ ಖಚಿತಪಡಿಸಲು ಮೇಲ್ ಕಳಿಸುವುದೇ ಬೇಕಿಲ್ಲ.

ಬ್ಯಾಕಪ್ ಮೊದಲಿನಿಂದ 7 ದಿನಕ್ಕೊಮ್ಮೆ ಅಂತ ಇರುತ್ತದೆ, 1 ಮಾಡಿ. ಅದು ಕೂರುವುದು ಅದೇ ಯಂತ್ರದಲ್ಲಿ. ಯಂತ್ರ ಹೋದರೆ ಬ್ಯಾಕಪ್ಪೂ ಹೋಯಿತು. ಬೇರೆಡೆಗೆ ಕಳಿಸುವ ವ್ಯವಸ್ಥೆ ಮಾಡಿ, ಒಮ್ಮೆ ಖಾಲಿ ಯಂತ್ರದ ಮೇಲೆ ಮರುಸ್ಥಾಪಿಸಿ ನೋಡಿ. ಮರುಸ್ಥಾಪಿಸಿ ನೋಡದ ಬ್ಯಾಕಪ್‌ಅನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

---

ಮದ್ದೂರು_ಲೈಬ್ರರಿ:

ಇಬ್ಬರಿಗೂ ಧನ್ಯವಾದ. ಎರಡನೆಯವರಾಗಿ ಮೈಸೂರಿನ ಒಬ್ಬರು ಸರ್ವರ್ ಕಲಿಯಲು ಒಪ್ಪಿದ್ದಾರೆ, ಹಾಗಾಗಿ ಡಿಸ್ಕೋರ್ಸ್ ಕಡೆಗೇ ಮನಸ್ಸು. ಕನ್ನಡದಲ್ಲಿ ಹುಡುಕಿದರೆ ಸಿಗುತ್ತದೆಯೇ? ಅದಿಲ್ಲದಿದ್ದರೆ ಇಷ್ಟು ಮಾಡಿಯೂ ಉಪಯೋಗವಿಲ್ಲ.

---

ಕಾಗುಣಿತ (ಮೈಸೂರು):

ಸಿಗುತ್ತದೆ, ಆದರೆ ಕನ್ನಡದ ವಿಭಕ್ತಿ ಅದಕ್ಕೆ ತಿಳಿಯದು. ಡಿಸ್ಕೋರ್ಸ್ ಹುಡುಕುವುದು ಪೋಸ್ಟ್‌ಗ್ರೆಸ್ ಮೂಲಕ. ಅದರಲ್ಲಿ ತಮಿಳು, ಹಿಂದಿಗೆ ಪದದ ಬುಡ ಹಿಡಿಯುವ ಸಾಧನ ಇದೆ, ಕನ್ನಡಕ್ಕಿಲ್ಲ. ಪದದ ಆರಂಭ ಹೊಂದಿದರೆ ಸಾಕು ಅನ್ನುವ ಲೆಕ್ಕದಲ್ಲಿ ಹುಡುಕುವುದರಿಂದ "ಪುಸ್ತಕ" ಅಂತ ಕೊಟ್ಟರೆ ಪುಸ್ತಕದ, ಪುಸ್ತಕಗಳು, ಪುಸ್ತಕವನ್ನು ಎಲ್ಲ ಬರುತ್ತವೆ. "ಪುಸ್ತಕಗಳನ್ನು" ಅಂತ ಹುಡುಕಿದರೆ ಬರೀ "ಪುಸ್ತಕ" ಅಂತ ಬರೆದ ಪೋಸ್ಟ್ ಬರುವುದಿಲ್ಲ.

ಪೇಚು ಇರುವುದು ಅರ್ಧಾಕ್ಷರದಲ್ಲಿ ಮುಗಿಯುವ ಇಂಗ್ಲಿಷ್ ಪದಗಳಲ್ಲಿ, ಮತ್ತು ಕೋಹಾ ಮಾತುಕತೆಯ ತುಂಬ ಇರುವುದು ಅವೇ. "ಪ್ರಿಂಟರ್" ಅಂತ ಹುಡುಕಿದರೆ "ಪ್ರಿಂಟರಿಗೆ", "ಪ್ರಿಂಟರಿನಲ್ಲಿ" ಸಿಗುವುದಿಲ್ಲ: ನೀವು ಕೊಟ್ಟದ್ದರ ಕೊನೆಗೆ ಅರ್ಧಾಕ್ಷರದ ಗುರುತು ಇದೆ, ಅಲ್ಲಿ ಅದೇ ಜಾಗದಲ್ಲಿ ಇಕಾರ ಕೂತಿದೆ. "ಪ್ರಿಂಟರ" ಅಂತ ಅಕಾರಕ್ಕೆ ನಿಲ್ಲಿಸಿ ಹುಡುಕಿ, ಎಲ್ಲವೂ ಬರುತ್ತವೆ. ಈ ಒಂದು ಉಪಾಯವನ್ನು ತಾಣದ ಮೊದಲ ಪುಟದಲ್ಲೇ ಅಂಟಿಸಿ.

ಸದಸ್ಯರಲ್ಲಿ ಕೆಲವರು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆಯುತ್ತಾರೆ, ಅದನ್ನು ತಡೆಯಲು ಹೋಗಬೇಡಿ. ಬದಲಿಗೆ ಟ್ಯಾಗ್ ಗಟ್ಟಿಯಾಗಿರಲಿ: ಕ್ಯಾಟಲಾಗಿಂಗ್, ಪರಿಚಲನೆ (ಪುಸ್ತಕ ಕೊಟ್ಟು ವಾಪಸ್ ಪಡೆಯುವುದು), ಬಾರ್‌ಕೋಡ್, ಝೀಬ್ರಾ, ಬ್ಯಾಕಪ್, ಅಪ್‌ಗ್ರೇಡ್, ಇಷ್ಟೇ. ಹೊಸ ಟ್ಯಾಗ್ ಮಾಡುವ ಹಕ್ಕು ನಾಲ್ವರಿಗೆ ಮಾತ್ರ. ಡಿಸ್ಕೋರ್ಸ್‌ನಲ್ಲಿ ಒಂದು ಟ್ಯಾಗಿಗೆ ಸಮಾನಪದ ಕೊಡಬಹುದು, ಹಾಗಾಗಿ ಬಾರ್‌ಕೋಡನ್ನು ಇಂಗ್ಲಿಷ್‌ನಲ್ಲಿ ಟೈಪಿಸಿದರೂ ಕನ್ನಡದ ಟ್ಯಾಗೇ ಕೂರುತ್ತದೆ. ಕೋಹಾ ಆವೃತ್ತಿಗೂ ಟ್ಯಾಗ್ ಬೇಕು. ಮೇ, ನವೆಂಬರ್ ತಿಂಗಳಲ್ಲಿ ಹೊಸ ಆವೃತ್ತಿ ಬರುತ್ತಲೇ ಇರುತ್ತದೆ, 22.11ಕ್ಕೆ ಬರೆದ ಉತ್ತರ 24.11ರಲ್ಲಿ ಮೆನು ಬದಲಾಗಿ ದಾರಿ ತಪ್ಪಿಸಬಹುದು.

ಇನ್ನು ಶೀರ್ಷಿಕೆ. ಕನಿಷ್ಠ 15 ಅಕ್ಷರ ಎಂಬ ನಿಯಮ ಮೊದಲೇ ಇದೆ, ಆದರೆ ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. "ಪ್ರಿಂಟ್ ಬರ್ತಿಲ್ಲ" ನಮ್ಮ ಕಣ್ಣಿಗೆ ಐದು ಅಕ್ಷರ, ಅದರ ಲೆಕ್ಕಕ್ಕೆ ನಡುವಿನ ಖಾಲಿ ಜಾಗ ಸೇರಿ 16. ಹಾಗಾಗಿ ಏನೂ ಹೇಳದ ಶೀರ್ಷಿಕೆ ಸಲೀಸಾಗಿ ನುಸುಳುತ್ತದೆ. 30 ಮಾಡಿ. ಪುಟದ ವಿಳಾಸದ ಸ್ಲಗ್ (ವಿಳಾಸದಲ್ಲಿ ಶೀರ್ಷಿಕೆಯಿಂದ ಬರುವ ಭಾಗ) ಆಯ್ಕೆಯನ್ನೂ ಆಸ್ಕಿಯಿಂದ ಎನ್‌ಕೋಡೆಡ್‌ಗೆ ಬದಲಿಸಿ, ಇಲ್ಲವಾದರೆ ಪ್ರತಿ ಕನ್ನಡ ಶೀರ್ಷಿಕೆಯ ವಿಳಾಸವೂ ಬರೀ "ಟಾಪಿಕ್" ಅಂತ ಬರುತ್ತದೆ.

ದೋಷ ಸಂದೇಶವನ್ನು ಮಾತ್ರ ಇಂಗ್ಲಿಷ್‌ನಲ್ಲಿ ಇದ್ದ ಹಾಗೇ ಅಕ್ಷರವಾಗಿ ಅಂಟಿಸಲು ಹೇಳಿ, ಫೋಟೊ ಬೇಡ. ಮುಂದಿನವರು ಗೂಗಲ್‌ನಲ್ಲಿ ಹಾಕುವುದು ಆ ಸಾಲನ್ನೇ.

---

ನಾಲೆ_ಏರಿ:

ಎರಡು ಮಾತು ಬಿಟ್ಟುಹೋಗಿತ್ತು.

ವಾಟ್ಸ್‌ಆ್ಯಪ್ ಗುಂಪು ಮುಚ್ಚಬೇಡಿ, ಜನ ಅಲ್ಲೇ ಇದ್ದಾರೆ. ಅಲ್ಲಿ ಪ್ರಶ್ನೆ ಬಂದರೆ ನಾಲ್ವರಲ್ಲಿ ಒಬ್ಬರು ತಾಣದಲ್ಲಿ ಉತ್ತರ ಬರೆದು ಗುಂಪಿಗೆ ಕೊಂಡಿ ಮಾತ್ರ ಹಾಕಲಿ. ಹಳೆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಹಾಗೇ ಸುರಿಯುವುದು ಬೇಡ. ಅದರಲ್ಲಿ ಫೋನ್ ನಂಬರು, ಹೆಸರು ಎಲ್ಲ ಇರುತ್ತವೆ, ಸಾರ್ವಜನಿಕವಾಗಲಿ ಎಂದು ಯಾರೂ ಬರೆದಿದ್ದಲ್ಲ. ಪದೇ ಪದೇ ಬಂದ ಪ್ರಶ್ನೆಗಳನ್ನು ಆರಿಸಿ ಹೊಸದಾಗಿ ಬರೆಯಿರಿ.

ಎರಡನೆಯದು ಇನ್ನೂ ಮುಖ್ಯ. ಕೋಹಾ ಸಮಸ್ಯೆ ಹೇಳುವಾಗ ಜನ ಕೋಹಾ-ಕಾನ್ಫ್ ಎಂಬ ಸಂಯೋಜನಾ ಕಡತವನ್ನು ಪೂರ್ತಿ ಅಂಟಿಸುತ್ತಾರೆ. ಡೇಟಾಬೇಸ್ ಬಳಕೆದಾರನ ಪಾಸ್‌ವರ್ಡ್ ಅದರಲ್ಲಿ ಬಿಚ್ಚಾಗಿ ಇರುತ್ತದೆ. ಪರಿಚಲನೆ ಪುಟದ ಸ್ಕ್ರೀನ್‌ಶಾಟಿನಲ್ಲಿ ವಿದ್ಯಾರ್ಥಿಯ ಹೆಸರು, ಕಾರ್ಡ್ ಸಂಖ್ಯೆ, ಪಡೆದ ಪುಸ್ತಕ, ಎಲ್ಲವೂ. ಹೊಸ ಪ್ರಶ್ನೆ ಬರೆಯುವ ಪೆಟ್ಟಿಗೆಗೆ ಮಾದರಿ ಹಾಕಿಡಿ: ಕೋಹಾ ಆವೃತ್ತಿ, ಡೆಬಿಯನ್ನೋ ಉಬುಂಟುವೋ, ಏನು ಮಾಡಿದಾಗ ಏನಾಯಿತು, ಲಾಗಿನ ಕೊನೆಯ 20 ಸಾಲು. ಅದರ ಕೆಳಗೇ "ಪಾಸ್‌ವರ್ಡ್, ವಿದ್ಯಾರ್ಥಿ ವಿವರ ಅಳಿಸಿ" ಎಂಬ ಸಾಲು.

ಇಷ್ಟಾದರೂ ಪಾಸ್‌ವರ್ಡ್ ಪೋಸ್ಟಿನಲ್ಲಿ ಬಂದುಬಿಟ್ಟರೆ ಪೋಸ್ಟ್ ತಿದ್ದಿಸಿದರೆ ಸಾಲದು. ಮೊದಲ 5 ನಿಮಿಷದೊಳಗೆ ಚಿಕ್ಕದಾಗಿ ತಿದ್ದಿದರೆ ಮಾತ್ರ ಹಳೆಯ ರೂಪ ಇತಿಹಾಸದಲ್ಲಿ ಉಳಿಯುವುದಿಲ್ಲ. ಆಮೇಲೆ ತಿದ್ದಿದ್ದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ನಿರ್ವಾಹಕರು ಆ ಹಳೆಯ ರೂಪವನ್ನು ಮರೆಮಾಡಬೇಕು. ಅಷ್ಟರಲ್ಲಿ ಮೇಲ್ ಕೂಡ ಹೋಗಿರಬಹುದು. ಆದ್ದರಿಂದ ಆ ಲೈಬ್ರರಿಗೆ ತಕ್ಷಣ ಫೋನ್ ಮಾಡಿ ಮಾರಿಯಾಡಿಬಿಯಲ್ಲಿ (ಕೋಹಾದ ಡೇಟಾಬೇಸ್) ಪಾಸ್‌ವರ್ಡ್ ಬದಲಿಸಲು ಹೇಳಿ, ಅದನ್ನೇ ಕೋಹಾ-ಕಾನ್ಫ್‌ನಲ್ಲೂ ಹಾಕಿಸಿ, ಮೆಮ್‌ಕ್ಯಾಶ್ಡ್ ಮತ್ತು ಪ್ಲ್ಯಾಕ್ (ಕೋಹಾದ ಜೊತೆ ಓಡುವ ಸೇವೆಗಳು) ಮರುಚಾಲನೆ ಮಾಡಿಸಿ. ಎರಡರಲ್ಲಿ ಒಂದೇ ಕಡೆ ಬದಲಿಸಿದರೆ ಕೋಹಾ ತೆರೆಯುವುದೇ ಇಲ್ಲ.