ಎರಡು ಬ್ಯಾಟರಿ ಬಿಚ್ಚುವಾಗ ಸೈರನ್ ಕೂಗುವುದೇಕೆ?

ಪ್ರಶ್ನೆ (ಹೊಸನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಡೀಸೆಲ್ ಜೀಪಿಗೆ ಹಿಂದಿನ ಮಾಲೀಕರು ವಿಂಚ್‌ಗೆಂದು (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು ರಾಟೆ) ಬಾನೆಟ್ಟಿನೊಳಗೇ ಎರಡನೆಯ 12 ವೋಲ್ಟ್ ಬ್ಯಾಟರಿ ಕೂರಿಸಿದ್ದಾರೆ. ರಿಮೋಟ್ ಅಲಾರಂ ಕೂಡ ಅವರೇ ಹೊರಗೆ ಹಾಕಿಸಿದ್ದು. ಮಳೆಗಾಲದಲ್ಲಿ ಹಳ್ಳ ತುಂಬಿ ತೋಟದ ದಾರಿ ಮುಚ್ಚುವುದರಿಂದ ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತದೆ. ಹೋದ ವರ್ಷ ಎರಡೂ ಬ್ಯಾಟರಿಗಳು ಪೂರ್ತಿ ಇಳಿದುಹೋಗಿದ್ದರಿಂದ ಈ ಸಲ ಮೊದಲೇ ಬಿಚ್ಚಿಡೋಣವೆಂದು ಹೊರಟೆ.

ಒಂದು ಬ್ಯಾಟರಿಯ ನೆಗೆಟಿವ್ ತೆಗೆದಾಗ ಏನೂ ಆಗಲಿಲ್ಲ. ಎರಡನೆಯದರ ನೆಗೆಟಿವ್ ಕಳಚಿದ ಕ್ಷಣವೇ ಸೈರನ್ ಕೂಗತೊಡಗಿತು. ಎರಡೂ ಬ್ಯಾಟರಿಗಳ ಸಂಪರ್ಕ ಕಡಿದಿದ್ದರೂ ಅದು ನಿಲ್ಲಲಿಲ್ಲ; ಪಕ್ಕದ ಕೊಟ್ಟಿಗೆಯ ದನಗಳು ಹಗ್ಗ ಜಗ್ಗಿದವು, ಮಲಗಿದ್ದ ಅಮ್ಮ ಗಾಬರಿಯಿಂದ ಎದ್ದು ಬಂದರು. ಕೊನೆಗೆ ನೆಗೆಟಿವ್ ಮತ್ತೆ ತಾಗಿಸಿ, ರಿಮೋಟಿನ ಅನ್‌ಲಾಕ್ ಒತ್ತಿದ ಮೇಲೆಯೇ ಸುಮ್ಮನಾಯಿತು. ಕರೆಂಟೇ ಇಲ್ಲದೆ ಅದು ಕೂಗಿದ್ದು ಹೇಗೆ? ಸದ್ದಿಲ್ಲದೆ ಬಿಚ್ಚುವ ಸರಿಯಾದ ಕ್ರಮ ಯಾವುದು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಶಿವಮೊಗ್ಗ)

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ, ಸಾರ್. ನಿಮ್ಮ ಸೈರನ್ ಕೆಟ್ಟಿಲ್ಲ. ಈ ಬಗೆಯ ಸೈರನ್ನಿನೊಳಗೆ ಚಾರ್ಜ್ ಆಗುವ ಪುಟ್ಟ ಬ್ಯಾಟರಿಯೊಂದು ಇರುತ್ತದೆ. ಕಳ್ಳನು ಬಾನೆಟ್ ಎತ್ತಿ ಬ್ಯಾಟರಿ ವೈರ್ ಕತ್ತರಿಸಿದರೂ ಕೂಗಬೇಕೆಂದೇ ಅದನ್ನು ಮಾಡಿರುತ್ತಾರೆ. ಅಲಾರಂ ಕಾವಲಿನಲ್ಲಿರುವಾಗ, ಅಂದರೆ ರಿಮೋಟಿನಲ್ಲಿ ಲಾಕ್ ಮಾಡಿದ ಮೇಲೆ, ಗಾಡಿಯ ಕರೆಂಟ್ ಹಠಾತ್ತನೆ ಕಡಿದರೆ ಅದು ಕಳ್ಳತನವೆಂದೇ ತಿಳಿಯುತ್ತದೆ. ಮೊದಲನೆಯದನ್ನು ತೆಗೆದಾಗ ಸದ್ದಾಗದಿರುವುದನ್ನು ನೋಡಿದರೆ ಎರಡು ಬ್ಯಾಟರಿಗಳನ್ನೂ ಪ್ಯಾರಲಲ್ ಆಗಿ ಜೋಡಿಸಿದ್ದಾರೆ. ಒಂದು ಹೋದರೂ ಇನ್ನೊಂದು ಗಾಡಿಗೆ ಕರೆಂಟ್ ಕೊಡುತ್ತಲೇ ಇತ್ತು.

ನನ್ನ ಅನುಮಾನವೆಂದರೆ, ಬಾನೆಟ್ ತೆರೆದ ಮೇಲೆ ನೀವು ಬಾಗಿಲು ಮುಚ್ಚಿ ಅಭ್ಯಾಸದಂತೆ ರಿಮೋಟಿನಲ್ಲಿ ಲಾಕ್ ಮಾಡಿದ್ದೀರಿ. ಇನ್ನು ಮುಂದೆ ರಿಮೋಟಿನಲ್ಲಿ ಅನ್‌ಲಾಕ್ ಮಾಡಿ, ಇಗ್ನಿಷನ್ ಒಮ್ಮೆ ಆನ್ ಮಾಡಿ ಆಫ್ ಮಾಡಿ, ಕೀ ಹೊರತೆಗೆದು ಹತ್ತು ನಿಮಿಷ ಬಿಡಿ. ಒಂದು ಬಾಗಿಲು ತೆರೆದೇ ಇರಲಿ, ಏಕೆಂದರೆ ಕೆಲವು ಅಲಾರಂಗಳು ಬಾಗಿಲು ತೆರೆಯದಿದ್ದರೆ ಅರ್ಧ ನಿಮಿಷದಲ್ಲೇ ತಾವಾಗಿ ಮತ್ತೆ ಕಾವಲಿಗೆ ನಿಲ್ಲುತ್ತವೆ. ಆಮೇಲೆ ಎರಡೂ ನೆಗೆಟಿವ್‌ಗಳನ್ನು ತೆಗೆಯಿರಿ. ಅಲ್ಲಿಯವರೆಗೆ ಪಾಸಿಟಿವ್‌ಗೆ ಸ್ಪ್ಯಾನರ್ ಹಾಕಲೇಬೇಡಿ: ಪಾಸಿಟಿವ್‌ಗಳೆರಡೂ ಒಂದೇ ಕೇಬಲ್ಲಿನಲ್ಲಿ ಸೇರಿರುವುದರಿಂದ, ಒಂದರ ನೆಗೆಟಿವ್ ತೆಗೆದಿದ್ದರೂ ಅದರ ಪಾಸಿಟಿವ್ ಇನ್ನೊಂದರಿಂದ ಜೀವಂತವಾಗಿರುತ್ತದೆ, ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಜೋಡಿಸುವಾಗ ಪಾಸಿಟಿವ್‌ಗಳು ಮೊದಲು, ನೆಗೆಟಿವ್‌ಗಳು ಕೊನೆಗೆ.

ನಿಂತ ಗಾಡಿ 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36 ಆಗುತ್ತದೆ. 70 ಆಂಪಿಯರ್ ಅವರ್ ಬ್ಯಾಟರಿಯೊಂದರ ಅರ್ಧ. ಆದ್ದರಿಂದ ಬಿಚ್ಚಿಡುವ ನಿಮ್ಮ ನಿರ್ಧಾರವೇ ಸರಿ. ಸೈರನ್ನಿನ ಪಕ್ಕದಲ್ಲಿ ಚಿಕ್ಕ ಕೀ ತೂತಿದೆಯೇ ಎಂದೂ ನೋಡಿ. ಇದ್ದರೆ ಅದರ ಕೀಲಿ ತಿರುಗಿಸಿ ಸೈರನ್ನನ್ನೇ ಆಫ್ ಮಾಡಿಡಬಹುದು.

ಉತ್ತರ (ತೀರ್ಥಹಳ್ಳಿ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಮಳೆ ಮುಗಿದು ಮತ್ತೆ ಜೋಡಿಸುವ ದಿನದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಲವು ಅಲಾರಂಗಳು ಕರೆಂಟ್ ಹೋಗುವಾಗ ಇದ್ದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುತ್ತವೆ. ಕಾವಲಿನಲ್ಲಿದ್ದಾಗ ಬಿಚ್ಚಿದ್ದರೆ ನೆಗೆಟಿವ್ ತಾಗಿಸಿದ ತಕ್ಷಣ ಕೂಗುತ್ತವೆ. ಆದ್ದರಿಂದ ಆ ಹೊತ್ತಿಗೆ ರಿಮೋಟ್ ಕೈಯಲ್ಲೇ ಇರಲಿ, ಕೀಯನ್ನು ಮಾತ್ರ ಗಾಡಿಯೊಳಗೆ ಬಿಡಬೇಡಿ, ಬಾಗಿಲುಗಳು ತಾವಾಗಿ ಲಾಕ್ ಆಗಿಬಿಡಬಹುದು.

ನನಗೆ ತೊಂದರೆ ಕೊಟ್ಟಿದ್ದು ಬಾನೆಟ್ ತೆರೆದಿದೆಯೇ ಎಂದು ಅಲಾರಂಗೆ ತಿಳಿಸುವ ಬಾನೆಟ್ ಸ್ವಿಚ್. ನಮ್ಮ ಕಡೆಯ ತೇವಕ್ಕೆ ಅದರ ಚಿಕ್ಕ ಪಿನ್ನು ತುಕ್ಕು ಹಿಡಿದು ಸಂಪರ್ಕ ಕೆಡುತ್ತದೆ, ಅಲಾರಂ ಆಗ ಬಾನೆಟ್ ತೆರೆದಿದೆಯೆಂದು ತಿಳಿದು ನಡುರಾತ್ರಿ ಕಾರಣವಿಲ್ಲದೆ ಕೂಗುತ್ತದೆ. ಎರಡು ಮಳೆಗಾಲ ಹೀಗೆ ಒದ್ದಾಡಿದ ಮೇಲೆ ಸ್ವಿಚ್ ಬದಲಿಸಿದೆ, ಅಂದಿನಿಂದ ಸದ್ದಿಲ್ಲ. ಸೈರನ್ನಿನ ಒಳಬ್ಯಾಟರಿ ಹಳತಾದರೂ ಇಂಥ ಸುಳ್ಳು ಕೂಗು ಬರುವುದುಂಟು.

ಪ್ರಶ್ನೆ ಕೇಳಿದವರಿಂದ (ಹೊಸನಗರ)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಿವಮೊಗ್ಗದವರು ಊಹಿಸಿದಂತೆಯೇ ನಾನು ಬಾಗಿಲು ಮುಚ್ಚಿ ಲಾಕ್ ಮಾಡಿದ್ದೆ. ಇಂದು ಬೆಳಿಗ್ಗೆ ಅನ್‌ಲಾಕ್ ಮಾಡಿ, ಬಾಗಿಲು ತೆರೆದೇ ಇಟ್ಟು, ಹತ್ತು ನಿಮಿಷ ಕಾದು 10ರ ಸ್ಪ್ಯಾನರ್‌ನಲ್ಲಿ ಎರಡೂ ನೆಗೆಟಿವ್‌ಗಳನ್ನು ಬಿಚ್ಚಿದೆ. ಸದ್ದೇ ಬರಲಿಲ್ಲ. ಸೈರನ್ನಿನ ಕೀ ತೂತು ಕೆಸರಿನಡಿ ಮುಚ್ಚಿಹೋಗಿತ್ತು, ಅದರ ಕೀಲಿ ಗಾಡಿಯ ಕಾಗದಪತ್ರಗಳ ಚೀಲದಲ್ಲೇ ಸಿಕ್ಕಿತು. ಒಂದು ಟರ್ಮಿನಲ್ಲಿನಲ್ಲಿ ಕಟ್ಟಿದ್ದ ಹಸಿರು ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಿದ್ದೇನೆ. ಬಾನೆಟ್ ಸ್ವಿಚ್ಚಿನ ಪಿನ್ನು ಒತ್ತಿದರೆ ಮೇಲೆ ಬರುತ್ತಿಲ್ಲ. ಮುಂದಿನ ವಾರ ಸಾಗರಕ್ಕೆ ಹೋದಾಗ ಹೊಸದು ತರುತ್ತೇನೆ.